ಕಲಬುರಗಿಯಲ್ಲಿ ಕಾರ್ಮಿಕ ಕಾನೂನಿನ ಸಲಹೆ: ಒಬ್ಬ ವಕೀಲರ ಕಚೇರಿಯ ಅನುಭವ

ಕಲಬುರಗಿಯಲ್ಲಿ ಕಾರ್ಮಿಕರ ಪ್ರಕರಣಗಳನ್ನೇ ಹೆಚ್ಚಾಗಿ ನಡೆಸುವ ಹಿರಿಯ ವಕೀಲರೊಬ್ಬರ ಕಚೇರಿಗೆ 2024ರ ಫೆಬ್ರುವರಿಯಲ್ಲಿ ನನ್ನ ತಮ್ಮನನ್ನು ಕರೆದುಕೊಂಡು ಹೋಗಿದ್ದೆ. ಅವರ ಒಪ್ಪಿಗೆ ಕೇಳಿಲ್ಲವಾದ್ದರಿಂದ ಹೆಸರು ಬರೆಯುತ್ತಿಲ್ಲ. ನನ್ನ ತಮ್ಮ ತೊಗರಿ ಬೇಳೆ ಮಿಲ್ಲೊಂದರಲ್ಲಿ ಮೂರು ವರ್ಷ ಮಷಿನ್ ನೋಡಿಕೊಂಡಿದ್ದವನು. ದಿನಕ್ಕೆ ಹನ್ನೆರಡು ತಾಸು ದುಡಿಸಿಕೊಂಡು ಓವರ್‌ಟೈಮ್ ಕೊಡುತ್ತಿಲ್ಲವೆಂದು ಮ್ಯಾನೇಜರ್‌ಗೆ ವಾಟ್ಸಾಪ್‌ನಲ್ಲಿ ದೂರು ಬರೆದ. ಹನ್ನೊಂದನೆಯ ದಿನ ಅವನನ್ನು ಗೇಟಿನಲ್ಲೇ ನಿಲ್ಲಿಸಿ, ‘ನಾಳಿಂದ ಬರಬ್ಯಾಡ’ ಎಂದರು. ಕೆಲಸ ಕಡಿಮೆಯಾಗಿದೆ ಎಂಬುದು ಅವರು ಕೊಟ್ಟ ಕಾರಣ. ಮಿಲ್ಲಿನ ಮುಂದೆ ತೊಗರಿ ಚೀಲ ಹೊತ್ತ ಲಾರಿಗಳು ಸಾಲುಗಟ್ಟಿ ನಿಂತಿದ್ದ ಸುಗ್ಗಿಯ ಕಾಲ ಅದು.

ವಕೀಲರು ಮೊದಲು ಕೇಳಿದ್ದು ನಾವು ನಿರೀಕ್ಷಿಸದ ಪ್ರಶ್ನೆ: ‘ಯಾರದಾದರ ರಜಾ ಅರ್ಜಿಗಿ ನೀ ಸಹಿ ಮಾಡ್ತಿದ್ದೇನು, ತಮ್ಮಾ?’ ಇಲ್ಲವೆಂದ ಮೇಲೆಯೇ ಮುಂದಿನ ಮಾತು. ಆಗ ಜಾರಿಯಲ್ಲಿದ್ದ ಕೈಗಾರಿಕಾ ವಿವಾದಗಳ ಕಾಯ್ದೆ, 1947ರ ರಕ್ಷಣೆ ‘ಕಾರ್ಮಿಕ’ ಎಂಬ ವ್ಯಾಖ್ಯೆಯೊಳಗೆ ಬರುವವರಿಗೆ ಮಾತ್ರ ಇತ್ತು; ಇತರರ ರಜೆ ಮಂಜೂರು ಮಾಡುವಂಥ ವ್ಯವಸ್ಥಾಪಕರು ಅದರ ಹೊರಗಿದ್ದರು. ದೂರು ಕೊಟ್ಟವನನ್ನು ತೆಗೆದರು ಎಂಬಷ್ಟಕ್ಕೇ ವಜಾ ಅಕ್ರಮವಾಗುವುದಿಲ್ಲ, ದೂರಿಗೂ ವಜಾಕ್ಕೂ ಇರುವ ನಂಟನ್ನು ತೋರಿಸಬೇಕು ಎಂದು ಅವರು ನೇರವಾಗಿ ಹೇಳಿದರು. ಹಾಗೆ ತೋರಿಸಲು ಸಾಧ್ಯವಾದರೆ, ಸೇಡಿಗಾಗಿ ಕೆಲಸದಿಂದ ತೆಗೆಯುವುದನ್ನು ಆ ಕಾಯ್ದೆಯ ಐದನೆಯ ಅನುಸೂಚಿ ಅನುಚಿತ ಕಾರ್ಮಿಕ ಪದ್ಧತಿ ಎಂದೇ ಕರೆಯುತ್ತಿತ್ತು. ಒಂದು ಹಾಳೆಯ ಹಿಂಬದಿಯಲ್ಲಿ ಗೆರೆ ಎಳೆದು ಆ ತುದಿಗೆ ದೂರಿನ ದಿನಾಂಕ, ಈ ತುದಿಗೆ ವಜಾದ ದಿನಾಂಕ ಬರೆದು, ನಡುವಿನ ಹನ್ನೊಂದು ದಿನಗಳ ಮೇಲೆ ಪೆನ್ನು ಊರಿದರು. ನಮಗೆ ಪ್ರಕರಣ ಅರ್ಥವಾದದ್ದು ಆಗಲೇ.

ಕೆಲಸ ಕಡಿಮೆಯೆಂಬ ಕಾರಣ ನಿಜವೇ ಆಗಿದ್ದರೂ ಮಾಲೀಕರು ಬರಿಗೈಯಲ್ಲಿ ಕಳಿಸುವಂತಿರಲಿಲ್ಲ. ಒಂದು ವರ್ಷದಲ್ಲಿ 240 ದಿನ ದುಡಿದವನಿಗೆ ಒಂದು ತಿಂಗಳ ನೋಟಿಸ್ ಅಥವಾ ಅದರ ಸಂಬಳ, ಜೊತೆಗೆ ಪ್ರತಿ ಪೂರ್ಣ ವರ್ಷಕ್ಕೆ 15 ದಿನಗಳ ಸರಾಸರಿ ಸಂಬಳ ಕೊಡಲೇಬೇಕು. ತಮ್ಮನ ಲೆಕ್ಕದಲ್ಲಿ ಇದು 45 ದಿನಗಳದ್ದು. ದಿನಕ್ಕೆ 9 ತಾಸು ಅಥವಾ ವಾರಕ್ಕೆ 48 ತಾಸು ಮೀರಿದ ದುಡಿಮೆಗೆ ಆಗಿನ ಕಾರ್ಖಾನೆಗಳ ಕಾಯ್ದೆಯ ಪ್ರಕಾರ ಇಮ್ಮಡಿ ದರ ಇತ್ತು.

ಈ ಕಚೇರಿಯನ್ನು ನಾನು ಮೆಚ್ಚಲು ಮುಖ್ಯ ಕಾರಣ ಇನ್ನೊಂದಿದೆ. ಇಬ್ಬರನ್ನೂ ಕೂರಿಸಿ ರಾಜಿ ಮಾಡಿಸುವ ಕಾರ್ಮಿಕ ಇಲಾಖೆಯ ಸಂಧಾನಾಧಿಕಾರಿಯ ಮುಂದೆ ಯಾವ ಪಕ್ಷದ ಪರವಾಗಿಯೂ ವಕೀಲರು ನಿಲ್ಲುವಂತಿಲ್ಲ ಎಂಬುದನ್ನು ಅವರು ಮುಚ್ಚಿಡಲಿಲ್ಲ. ‘ಅಲ್ಲಿ ನೀನೇ ಮಾತಾಡಬೇಕು’ ಎಂದು ತಮ್ಮನನ್ನು ಎದುರು ಕೂರಿಸಿ, ತಾವೇ ಮ್ಯಾನೇಜರ್ ಆಗಿ ಪ್ರಶ್ನೆ ಕೇಳುತ್ತ, ಸಿಟ್ಟಿಗೇಳದೆ ದಿನಾಂಕಗಳನ್ನಷ್ಟೇ ಹೇಳುವುದನ್ನು ಮೂರು ಸಲ ಅಭ್ಯಾಸ ಮಾಡಿಸಿದರು. ಅವನು ಓವರ್‌ಟೈಮ್ ತಾಸುಗಳನ್ನು ಬರೆದಿಟ್ಟಿದ್ದ ಎಣ್ಣೆಕಲೆಯ ಪಾಕೆಟ್ ನೋಟ್‌ಬುಕ್ಕಿನ ಪ್ರತಿ ಪುಟವನ್ನೂ ಝೆರಾಕ್ಸ್ ಮಾಡಿಸಲು ಹೇಳಿದರು. ಸಂಧಾನ ನಡೆಯದಿದ್ದರೆ ಅರ್ಜಿ ಕೊಟ್ಟ 45 ದಿನಗಳ ನಂತರ ನೇರವಾಗಿ ಕಾರ್ಮಿಕ ನ್ಯಾಯಾಲಯಕ್ಕೆ ಹೋಗಬಹುದೆಂದೂ ತಿಳಿಸಿದರು. ಅದರ ಅಗತ್ಯ ಬೀಳಲಿಲ್ಲ: ಎರಡನೆಯ ಭೇಟಿಯಲ್ಲೇ ಮಿಲ್ಲಿನವರು ನೋಟಿಸ್ ಸಂಬಳ, ಪರಿಹಾರ ಮತ್ತು ಓವರ್‌ಟೈಮ್ ಬಾಕಿಗೆ ಒಪ್ಪಿದರು. ಕೆಲಸ ಮಾತ್ರ ಮರಳಿ ಸಿಗಲಿಲ್ಲ. ಆ ನೋವು ತಮ್ಮನಿಗೆ ಇನ್ನೂ ಇದೆ.

ಕೊರತೆಗಳೂ ಇವೆ. ಒಂದೂವರೆ ತಾಸು ಕಾಯಬೇಕಾಯಿತು, ಇದ್ದ ಒಂದೇ ಬೆಂಚು ತುಂಬಿ ವಯಸ್ಸಾದವರು ನಿಂತೇ ಇದ್ದರು. 500 ರೂಪಾಯಿ ಫೀಜಿಗೆ ರಸೀದಿ ಕೊಡಲಿಲ್ಲ; ಪ್ರತಿಯೊಂದಕ್ಕೂ ಕಾಗದ ಇಟ್ಟುಕೊಳ್ಳಿ ಎನ್ನುವವರು ಇದನ್ನು ಸರಿಪಡಿಸಿಕೊಳ್ಳಬೇಕು. ಆದರೆ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆ, 1987ರಡಿ ಕೈಗಾರಿಕಾ ಕಾರ್ಮಿಕರಿಗೆ ಉಚಿತ ನೆರವಿನ ಹಕ್ಕಿದೆ, ಮುಂದೆ ಖರ್ಚು ಭಾರವಾದರೆ ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಕರೆ ಮಾಡಿ ಎಂದು ತಮ್ಮದೇ ಆದಾಯಕ್ಕೆ ಕುತ್ತಾಗುವ ಮಾತನ್ನೂ ಹೇಳಿದವರು ಅವರೇ.

ಈಗ ಹೋಗುವವರು ಒಂದು ವಿಷಯ ಗಮನಿಸಬೇಕು. 2025ರ ನವೆಂಬರ್ 21ರಿಂದ 1947ರ ಕಾಯ್ದೆಯ ಬದಲಿಗೆ ಕೈಗಾರಿಕಾ ಸಂಬಂಧಗಳ ಸಂಹಿತೆ ಜಾರಿಗೆ ಬಂದಿದ್ದು, ವಜಾದ ವಿರುದ್ಧ ವಿವಾದ ಎತ್ತಲು ಮೊದಲಿದ್ದ ಮೂರು ವರ್ಷಗಳ ಅವಧಿ ಎರಡು ವರ್ಷಕ್ಕೆ ಇಳಿದಿದೆ. ದೂರಿನ ಪ್ರತಿ, ಹಾಜರಿಯ ಫೋಟೋ, ಸಂಬಳ ಜಮೆಯಾದ ಪಾಸ್‌ಬುಕ್ ಹಿಡಿದುಕೊಂಡು ಬೇಗ ಹೋಗಿ.