ಪಾಕೆಟ್, ಬಾಕ್ಸರ್, ಲೈಟ್‌ರೇಡಿಯೋ: ಮೂರನ್ನೂ ಹಿಡಿದು ಹಾರಿಸಿದ ಮೇಲೆ

ಫೋಟೋ ತೆಗೆಯುವ ಡ್ರೋನ್‌ಗೆ ರಿಮೋಟ್ ಜೊತೆಗೇ ಬರುತ್ತದೆ, ಅಲ್ಲಿ ತಲೆಕೆಡಿಸಿಕೊಳ್ಳಬೇಕಾಗಿಲ್ಲ. ಡ್ರೋನ್ ಕ್ಯಾಮೆರಾದ ನೋಟ ನೋಡುತ್ತಲೇ ಹಾರಿಸುವ, ನಾವೇ ಜೋಡಿಸಿದ ಎಫ್‌ಪಿವಿ ಡ್ರೋನ್‌ಗೆ ಹಾಗಲ್ಲ, ರೇಡಿಯೋ (ಕೈಯಲ್ಲಿ ಹಿಡಿಯುವ ರಿಮೋಟ್‌ಗೆ ನಾವು ಹೇಳುವ ಹೆಸರು) ಬೇರೆಯೇ ಕೊಳ್ಳಬೇಕು. ಒಳ್ಳೆಯದೊಂದನ್ನು ಕೊಂಡರೆ ನಾಲ್ಕು ಡ್ರೋನ್ ಒಡೆದರೂ ಅದು ಜೊತೆಯಲ್ಲಿರುತ್ತದೆ. ಅದಕ್ಕೇ ಮೊದಲ ಡ್ರೋನ್‌ಗಿಂತ ಮೊದಲ ರೇಡಿಯೋ ಬಗ್ಗೆ ಜಾಸ್ತಿ ಯೋಚಿಸಿ ಅನ್ನುತ್ತೇನೆ.

ನಾನು ಹಾರಿಸಿ ನೋಡಿದ್ದು ರೇಡಿಯೋಮಾಸ್ಟರ್ ಪಾಕೆಟ್, ಅದೇ ಕಂಪನಿಯ ಬಾಕ್ಸರ್, ಮತ್ತು ಬೀಟಾಎಫ್‌ಪಿವಿ ಲೈಟ್‌ರೇಡಿಯೋ 3. ಮೂರೂ 2.4 ಗಿಗಾಹರ್ಟ್ಸ್ ಇಎಲ್‌ಆರ್‌ಎಸ್ (ರೇಡಿಯೋ ಮತ್ತು ಡ್ರೋನ್ ಮಾತಾಡಿಕೊಳ್ಳುವ ಒಂದು ಪದ್ಧತಿ) ಇರುವ ಮಾಡೆಲ್‌ಗಳೇ, ಹಾಗಾಗಿ ಡ್ರೋನ್‌ನಲ್ಲಿರುವ ಒಂದೇ ರಿಸೀವರ್‌ಗೆ ಮೂರನ್ನೂ ಬೈಂಡ್ ಮಾಡಿ, ಅಂದರೆ ಜೋಡಿ ಮಾಡಿ, ಹೋಲಿಸಲು ಆಯಿತು.

ಸಿಗ್ನಲ್ ಎಷ್ಟು ದೂರ ಹೋಗುತ್ತದೆ ಅಂತ ಎಲ್ಲರೂ ಮೊದಲು ಕೇಳುತ್ತಾರೆ. ನನಗೆ ಮುಖ್ಯ ಅನ್ನಿಸಿದ್ದು ಅದಲ್ಲ, ಸ್ಟಿಕ್ ಹಿಡಿಯುವ ರೀತಿ. ಕೆಲವರು ಸ್ಟಿಕ್ ತುದಿಯಲ್ಲಿ ಹೆಬ್ಬೆರಳಿಟ್ಟು ಹಾರಿಸುತ್ತಾರೆ. ಕೆಲವರು ಹೆಬ್ಬೆರಳು ತೋರುಬೆರಳು ಎರಡನ್ನೂ ಸೇರಿಸಿ ಚಿವುಟಿದ ಹಾಗೆ ಹಿಡಿಯುತ್ತಾರೆ, ಅದಕ್ಕೆ ಪಿಂಚ್ ಅಂತಾರೆ. ನಾನು ಪಿಂಚ್.

ಪಾಕೆಟ್ ನೋಡಿದರೆ ಗೇಮ್‌ಪ್ಯಾಡ್ ಥರ. ಸೆಲ್ ಹಾಕದೆ 288 ಗ್ರಾಂ. ಸ್ಟಿಕ್ ಬಿಚ್ಚಿಡಬಹುದು, ಆಂಟೆನಾ ಮಡಚಬಹುದು, ಬ್ಯಾಗಿನ ಮೂಲೆಯಲ್ಲಿ ಸುಮ್ನೆ ತುರುಕಿಕೊಂಡು ಹೋಗಬಹುದು. 18650 ಅನ್ನುವ ಅಳತೆಯ ಎರಡು ಲಿಥಿಯಂ ಸೆಲ್ ಬೇಕು, ಅವನ್ನು ನಾವೇ ಕೊಳ್ಳಬೇಕು, ಪೆಟ್ಟಿಗೆಯಲ್ಲಿ ಬರುವುದಿಲ್ಲ. ಹೆಬ್ಬೆರಳಲ್ಲಿ ಹಾರಿಸುವವರಿಗೆ ಇದು ಚಂದ. ನನಗೆ ಮಾತ್ರ ಸ್ಟಿಕ್ ಗಿಡ್ಡ ಅನ್ನಿಸಿತು, ಪಿಂಚ್ ಹಿಡಿದರೆ ಉಳಿದ ಬೆರಳುಗಳಿಗೆ ಊರಲು ಜಾಗ ಸಿಗಲಿಲ್ಲ, ಹತ್ತು ನಿಮಿಷಕ್ಕೆ ಅಂಗೈ ಬಿಗಿಯಾಗುತ್ತಿತ್ತು.

ಬಾಕ್ಸರ್ ಕೈಗೆ ಬಂದಾಗ ವ್ಯತ್ಯಾಸ ಮೊದಲ ಬ್ಯಾಟರಿಯಲ್ಲೇ ಗೊತ್ತಾಯಿತು. ತೂಕ ಪಾಕೆಟ್‌ಗಿಂತ ಹೆಚ್ಚುಕಮ್ಮಿ ಎರಡು ಪಟ್ಟು, ಗಿಂಬಲ್ (ಸ್ಟಿಕ್ ಕೂರುವ, ಅದರ ಚಲನೆ ಅಳೆಯುವ ಭಾಗ) ದೊಡ್ಡದು, ಸ್ಟಿಕ್ ಉದ್ದ. ಸ್ಟಿಕ್ ಉದ್ದ ಇದ್ದರೆ ಅಷ್ಟೇ ಕೋನ ತಿರುಗಿಸಲು ಬೆರಳು ಹೆಚ್ಚು ದೂರ ಸರಿಯಬೇಕು, ಅಂದರೆ ಕೂದಲೆಳೆಯಷ್ಟು ಥ್ರಾಟಲ್ ಏರಿಸಬೇಕಾದಾಗ ಅಷ್ಟೇ ಏರಿಸಲು ಆಗುತ್ತದೆ. ಕಿಟಕಿಯಷ್ಟು ಸಣ್ಣ ಕಿಂಡಿಯಲ್ಲಿ ನುಗ್ಗಿಸುವಾಗ ಇದರ ಬೆಲೆ ತಿಳಿಯುತ್ತದೆ. ಸ್ಪ್ರಿಂಗ್ ಬಿಗಿಯನ್ನೂ ಬೇಕಾದ ಹಾಗೆ ತಿರುಗಿಸಿಕೊಂಡೆ. ಪಾಕೆಟ್‌ನಲ್ಲಿ 250 ಮಿಲಿವ್ಯಾಟ್ ತನಕ ಪವರ್, ಇದರಲ್ಲಿ 1 ವ್ಯಾಟ್. ಆದರೆ ನಾನು ಹಾರಿಸುವ ದೂರಕ್ಕೆ ಎರಡರಲ್ಲೂ ಲಿಂಕ್ ಕ್ವಾಲಿಟಿ, ಅಂದರೆ ನೂರಕ್ಕೆ ಎಷ್ಟು ಸಂದೇಶ ಸರಿಯಾಗಿ ತಲುಪಿತು ಅನ್ನುವ ಅಂಕಿ, ನೂರರ ಹತ್ತಿರವೇ ನಿಂತಿತ್ತು, ಆ 1 ವ್ಯಾಟ್ ನನಗೆ ಬೇಕೇ ಆಗಲಿಲ್ಲ. ದೂರ ಬೇಕಾದವರು ಪವರ್ ಏರಿಸುವ ಮೊದಲು ಪ್ಯಾಕೆಟ್ ರೇಟ್, ಅಂದರೆ ಸೆಕೆಂಡಿಗೆ ಎಷ್ಟು ಸಂದೇಶ ಕಳಿಸುತ್ತದೆ ಅನ್ನುವುದನ್ನು, ಇಳಿಸಿ ನೋಡಿ. 500ರಲ್ಲಿ ರಿಸೀವರ್ -105 ಡಿಬಿಎಂ ತನಕ ಕೇಳಿಸಿಕೊಂಡರೆ 150ರಲ್ಲಿ -112 ತನಕ, ಅಂದರೆ ಇನ್ನೂ ಕ್ಷೀಣವಾದ ಸಿಗ್ನಲ್ ಅನ್ನೂ, ಕೇಳಿಸಿಕೊಳ್ಳುತ್ತದೆ.

ಲೈಟ್‌ರೇಡಿಯೋ 3 ಬಗ್ಗೆ ಜಾಸ್ತಿ ಹೇಳುವುದಿಲ್ಲ. ಹಗುರ, ಬ್ಯಾಟರಿ ಒಳಗೇ ಇದೆ, ವೂಪ್ ಅನ್ನುವ ಅಂಗೈಯಷ್ಟು ಪುಟ್ಟ ಡ್ರೋನ್ ಜೊತೆ ಮನೆಯೊಳಗೆ ಕಲಿಯಲು ಸಾಕು. ಆದರೆ ಪರದೆ ಇಲ್ಲ. ಪಾಕೆಟ್, ಬಾಕ್ಸರ್ ಎರಡರಲ್ಲೂ ಎಡ್ಜ್‌ಟಿಎಕ್ಸ್ ಅನ್ನುವ ರೇಡಿಯೋ ಸಾಫ್ಟ್‌ವೇರ್ ಇರುವುದರಿಂದ ಮೈದಾನದಲ್ಲೇ ಯಾವ ಸ್ವಿಚ್ ಏನು ಮಾಡಬೇಕು ಅಂತ ಬದಲಿಸಿಕೊಳ್ಳಬಹುದು, ಡ್ರೋನ್ ಬ್ಯಾಟರಿ ಎಷ್ಟಿದೆ ಅಂತ ರೇಡಿಯೋನೇ ಕೂಗಿ ಹೇಳುತ್ತದೆ. ಅದಕ್ಕೆ ಒಗ್ಗಿಕೊಂಡ ಮೇಲೆ ಪರದೆ ಇಲ್ಲದ್ದು ಕಷ್ಟ, ಅಲ್ವಾ?

ಇನ್ನೊಂದು ಮಾತು. ಇವಕ್ಕೂ ಮೊದಲು ನನ್ನ ಹತ್ತಿರ ಹಳೇ ಕಾಲದ ಪೊಟೆನ್ಷಿಯೋಮೀಟರ್ ಸ್ಟಿಕ್ ಇದ್ದ ಒಂದು ರಿಮೋಟ್ ಇತ್ತು. ಒಳಗಿನ ಪಟ್ಟಿ ಸವೆದು, ಕೈ ಬಿಟ್ಟರೂ ಡ್ರೋನ್ ಎಡಕ್ಕೆ ವಾಲುತ್ತಿತ್ತು. ತಪ್ಪು ಡ್ರೋನ್‌ನಲ್ಲಿದೆ ಅಂತ ವಾರಗಟ್ಟಲೆ ಹುಡುಕಿದೆ. ಅದರ ಬದಲು ಬರುವ ಹಾಲ್ ಸೆನ್ಸರ್ ಗಿಂಬಲ್ ಅಯಸ್ಕಾಂತದಿಂದ ಕೆಲಸ ಮಾಡುತ್ತದೆ, ಸೆನ್ಸರ್‌ನಲ್ಲಿ ಒಂದಕ್ಕೊಂದು ಉಜ್ಜುವ ಭಾಗವೇ ಇಲ್ಲ. ಇದೊಂದರಲ್ಲಿ ಮಾತ್ರ ಯಾರೂ ಜಿಪುಣತನ ಮಾಡಬೇಡಿ.

ಹೆಬ್ಬೆರಳಿನವರಾದರೆ ಪಾಕೆಟ್ ತೆಗೆದುಕೊಳ್ಳಿ, ದೊಡ್ಡದಕ್ಕೆ ಹೋಗುವ ಅಗತ್ಯವೇ ಇಲ್ಲ. ಪಿಂಚ್‌ನವರಾದರೆ ಬಾಕ್ಸರ್, ಭಾರ ಹೊತ್ತರೂ ಪರವಾಗಿಲ್ಲ. ನೀವು ಯಾವ ಕಡೆಯವರು ಅಂತ ಇನ್ನೂ ಗೊತ್ತಿಲ್ಲದಿದ್ದರೆ ಗೆಳೆಯರ ರೇಡಿಯೋವನ್ನು ಯುಎಸ್‌ಬಿಯಲ್ಲಿ ಕಂಪ್ಯೂಟರ್‌ಗೆ ಸಿಕ್ಕಿಸಿ ಸಿಮ್ಯುಲೇಟರ್‌ನಲ್ಲಿ ಒಂದು ಸಂಜೆ ಹಾರಿಸಿ ನೋಡಿ. ಯಾವುದೇ ತಂದರೂ ರಿಸೀವರ್ ಮತ್ತು ರೇಡಿಯೋ ಎರಡರಲ್ಲೂ ಇಎಲ್‌ಆರ್‌ಎಸ್ ಆವೃತ್ತಿಯ ಮೊದಲ ಅಂಕಿ ಒಂದೇ ಇರಲಿ, ಒಂದರಲ್ಲಿ 2 ಇನ್ನೊಂದರಲ್ಲಿ 3 ಇದ್ದರೆ ಎಷ್ಟು ಹೊತ್ತು ಕೂತರೂ ಬೈಂಡ್ ಆಗುವುದಿಲ್ಲ. ಬೈಂಡ್ ಆದ ಮೇಲೆ, ಸಿಗ್ನಲ್ ಕಡಿದರೆ ಡ್ರೋನ್ ನಿಲ್ಲುತ್ತದೆಯೇ ಅಂತ ನೋಡಲು, ಮೊದಲು ಪ್ರೊಪೆಲ್ಲರ್ ಬಿಚ್ಚಿಡಿ, ಆಮೇಲೆ ಮೋಟರ್ ಓಡಿಸಿ, ಅದು ಓಡುತ್ತಿರುವಾಗಲೇ ರೇಡಿಯೋ ಆಫ್ ಮಾಡಿ. ಮೋಟರ್ ನಿಂತರೆ ಮಾತ್ರ ಪ್ರೊಪೆಲ್ಲರ್ ಮತ್ತೆ ಹಾಕಿ.