ಗ್ರ್ಯಾಂಡ್ ರ‍್ಯಾಪಿಡ್ಸ್‌ನಿಂದ ಮಿಷಿಗನ್ ಸರೋವರಕ್ಕೆ: ಐ-96 ಹಿಡಿಯೋದಾ, ಐ-196 ಹಿಡಿಯೋದಾ?

ಅಮೆರಿಕದ ಮಿಷಿಗನ್ ರಾಜ್ಯದ ಗ್ರ್ಯಾಂಡ್ ರ‍್ಯಾಪಿಡ್ಸ್ ಊರಿಂದ ಸರೋವರದ ಕಡೆ ಹೋಗೋಕೆ ಎರಡು ಇಂಟರ್‌ಸ್ಟೇಟ್ ('ಐ') ಹೆದ್ದಾರಿಗಳಿವೆ. ಸುಮ್ನೆ ದಡದಲ್ಲಿ ಕೂತು ಬರುವ ಆಸೆಯಿದ್ದರೆ ನನ್ನ ಓಟು ಐ-196ಕ್ಕೆ. ಹಾಲೆಂಡ್ ಊರಿಗೆ ಸುಮಾರು 50 ಕಿ.ಮೀ. ಮೇ ತಿಂಗಳಲ್ಲಿ ಹೋದರೆ ಬೀದಿ ಬದಿಯಲ್ಲೆಲ್ಲ ಟುಲಿಪ್ ಸಾಲು, ನೀರಿನಂಚಿಗೆ ಕೆಂಪಗೆ ನಿಂತ ದೀಪಸ್ತಂಭ 'ಬಿಗ್ ರೆಡ್'. ಹೆಸರಿಗಷ್ಟೇ ಸರೋವರ, ಆಚೆ ದಡ ಕಾಣುವುದೇ ಇಲ್ಲ! ಇದೇ ರಸ್ತೆ ಸೌತ್ ಹೇವನ್ ದಾಟಿ ಬೆಂಟನ್ ಹಾರ್ಬರ್ ಹತ್ತಿರ ಐ-94ಕ್ಕೆ ಸೇರುತ್ತದೆ. ಷಿಕಾಗೋಗೆ ಹೋಗುವವರಿಗೂ ಇದೇ ಸರಿ.

ಡೆಟ್ರಾಯಿಟ್, ಲ್ಯಾನ್ಸಿಂಗ್ ಕಡೆಯಿಂದ ಬರುವ ಐ-96 ಮಸ್ಕೀಗನ್ ಬಳಿ ಮುಗಿಯುತ್ತದೆ. ದೂರ ಸ್ವಲ್ಪ ಜಾಸ್ತಿ, ಸುಮಾರು 65 ಕಿ.ಮೀ. ಆದರೆ ಬೇಸಿಗೆಯಲ್ಲಿ ಅಲ್ಲಿಂದ ಕಾರು ಸಮೇತ ಫೆರಿ ಹತ್ತಿ ಸರೋವರದ ಆಚೆ ದಡದ ಮಿಲ್ವಾಕಿಗೆ ಹೋಗಬಹುದು. ಷಿಕಾಗೋ ಟ್ರಾಫಿಕ್ ತಪ್ಪುತ್ತದೆ, ಅಲ್ವಾ?

ಚಳಿಗಾಲದಲ್ಲಿ ಮಾತ್ರ ಎರಡೂ ಒಂದೇ. ಸರೋವರದ ಗಾಳಿ ದಿಢೀರನೆ ಹಿಮ ಸುರಿಸಿದರೆ ಮುಂದಿನ ಕಾರಿನ ಲೈಟೂ ಕಾಣುವುದಿಲ್ಲ.