ಬೀಟ್ ಕೂಡಿಸಲು ಕಲಿಯುವವರಿಗೆ ಹಳೆಯ ಟೆಕ್ನಿಕ್ಸ್ 1200 ಹೇಗೆ?

ಟೆಕ್ನಿಕ್ಸ್ ಎಸ್‌ಎಲ್-1200 ಎಂಕೆ2 ಅನ್ನುವ ರೆಕಾರ್ಡ್ ಪ್ಲೇಯರ್ ಬಗ್ಗೆ ಬರೆದವರಿಗೆ ಲೆಕ್ಕವಿಲ್ಲ. ಅವರಲ್ಲಿ ಅರ್ಧ ಜನ ವರ್ಷಗಟ್ಟಲೆ ಡಿಜೆ ಕೆಲಸ ಮಾಡಿದವರು, ಇನ್ನರ್ಧ ಕಣ್ಣು ಮುಚ್ಚಿ ಕೂತು ಹಾಡು ಕೇಳುವವರು. ನಾನು ಎರಡೂ ಅಲ್ಲ. ಎರಡು ರೆಕಾರ್ಡ್‌ಗಳನ್ನು ಬೀಟ್ ತಪ್ಪದಂತೆ ಸೇರಿಸುವುದು ಹೇಗೆ ಅಂತ ನಡುವಯಸ್ಸಿನಲ್ಲಿ ಕಲಿಯಲು ಹೊರಟವಳು. ಆ ಒಂದು ಕೆಲಸಕ್ಕೆ ಈ ಮಷೀನು ಹೇಗೆ ಅನ್ನುವುದಷ್ಟೇ ಇಲ್ಲಿದೆ. ಸೌಂಡ್ ಬಗ್ಗೆ ಕೇಳಿದರೆ, ಚೆನ್ನಾಗಿದೆ ಅಂತ ಹೇಳಿ ಮುಂದೆ ಹೋಗುತ್ತೇನೆ.

ನನ್ನದು ಸೆಕೆಂಡ್ ಹ್ಯಾಂಡ್ ಜೋಡಿ. ಎಂಕೆ2 ಮಾರುಕಟ್ಟೆಗೆ ಬಂದಿದ್ದು 1979ರಲ್ಲಿ. 2010ರಲ್ಲಿ ಕಂಪನಿ 1200 ಸಾಲನ್ನೇ ನಿಲ್ಲಿಸಿತು, 2016ರಲ್ಲಿ ಮತ್ತೆ ಶುರು ಮಾಡಿತು. ಡಿಜೆಗಳಿಗೆ ಅಂತಲೇ ಎಂಕೆ7 ಬಂದಿದ್ದು 2019ರಲ್ಲಿ. ಹೊಸದು ಕೊಳ್ಳುವ ಶಕ್ತಿ ಇದ್ದವರು ಅದನ್ನೇ ನೋಡಲಿ. ಆದರೆ ಕಲಿಕೆಗೆ ಹಳೆಯದರಿಂದ ಏನೂ ಕಮ್ಮಿಯಾಗಿಲ್ಲ.

ಮೊದಲು ಕೈಗೆ ಗೊತ್ತಾಗುವುದು ಮೋಟರ್. ಇದು ಡೈರೆಕ್ಟ್ ಡ್ರೈವ್, ನಡುವೆ ಬೆಲ್ಟ್ ಇಲ್ಲ. ಮೋಟರ್ ನೇರವಾಗಿ ರೆಕಾರ್ಡ್ ಕೂರುವ ತಟ್ಟೆಯನ್ನೇ ತಿರುಗಿಸುತ್ತದೆ. ನಿಂತಲ್ಲಿಂದ ಪೂರ್ತಿ ವೇಗಕ್ಕೆ ಬರಲು 0.7 ಸೆಕೆಂಡ್ ಸಾಕು. ಕೆಲಸ ಮಾಡುವಾಗ ಅಷ್ಟೂ ಬೇಕಿಲ್ಲ. ತಟ್ಟೆಯ ಮೇಲೆ ಬಟ್ಟೆಯಂಥ ಸ್ಲಿಪ್‌ಮ್ಯಾಟ್, ಅದರ ಮೇಲೆ ರೆಕಾರ್ಡ್. ಎರಡು ಬೆರಳಿಟ್ಟು ರೆಕಾರ್ಡ್ ಹಿಡಿದರೆ ಅದು ನಿಲ್ಲುತ್ತದೆ, ಕೆಳಗೆ ತಟ್ಟೆ ತಿರುಗುತ್ತಲೇ ಇರುತ್ತದೆ. ಕಿಕ್ ಡ್ರಮ್ (ಬೀಟಿನ ದಪ್ಪ ಏಟು) ಸೂಜಿಯ ಕೆಳಗೆ ಬರುವಂತೆ ಹಿಂದೆ ಮುಂದೆ ಮಾಡಿ ಹಿಡಿದುಕೊಂಡು, ಇನ್ನೊಂದು ಹಾಡಿನ ಮೊದಲ ಬೀಟಿಗೆ ಸರಿಯಾಗಿ ಕೈ ಬಿಡಬೇಕು. ಬಿಟ್ಟ ಕ್ಷಣಕ್ಕೆ ರೆಕಾರ್ಡ್ ವೇಗ ಹಿಡಿಯುತ್ತದೆ. ಮುಂಚೆ ನಾನು ಒದ್ದಾಡುತ್ತಿದ್ದ ಬೆಲ್ಟ್ ಪ್ಲೇಯರ್‌ನಲ್ಲಿ (ಹೆಸರು ಬೇಡ ಬಿಡಿ) ರೆಕಾರ್ಡ್ ಹಿಡಿದರೆ ತಟ್ಟೆಯೂ ನಿಂತುಬಿಡುತ್ತಿತ್ತು. ಬಿಟ್ಟ ಮೇಲೆ ಹಾಡು ಆಕಳಿಸಿಕೊಂಡು ಏಳುತ್ತಿತ್ತು. ಅದರಲ್ಲಿ ಬೀಟ್ ಕೂಡಿಸುವುದನ್ನು ಕಲಿಯುವುದು ಸುಮ್ನೆ ಸಂಕಟ. 1960ರ ದಶಕದ ಕೊನೆಯಲ್ಲೇ ನ್ಯೂಯಾರ್ಕಿನ ಸ್ಯಾಂಕ್ಚುಯರಿ ಕ್ಲಬ್ಬಿನಲ್ಲಿ ಫ್ರಾನ್ಸಿಸ್ ಗ್ರಾಸೊ ಹೀಗೆ ಹಿಡಿದು ಬಿಡುವ ಕೆಲಸ ಮಾಡುತ್ತಿದ್ದರಂತೆ, ಈ 1200 ಹುಟ್ಟುವ ಮುಂಚೆಯೇ! ಅವರ ಕೈ ಎಂಥದ್ದಿರಬೇಕು.

ಇನ್ನು ಬಲಗಡೆಯ ಪಿಚ್ ಸ್ಲೈಡರ್. ಮೇಲೆ ಕೆಳಗೆ ಶೇ. 8ರಷ್ಟು ವೇಗ ಬದಲಿಸಬಹುದು. ಅಂದರೆ 120 ಬಿಪಿಎಂ (ನಿಮಿಷಕ್ಕೆ 120 ಬೀಟ್) ಹಾಡನ್ನು ಸುಮಾರು 110ರಿಂದ 129ರವರೆಗೆ ಓಡಿಸಬಹುದು. ಕಲಿಯುವವರಿಗೆ ಇಷ್ಟು ಧಾರಾಳ. ಅಸಲಿ ಕಷ್ಟ ಸಣ್ಣ ವ್ಯತ್ಯಾಸದ್ದು. ಎರಡು ಹಾಡುಗಳ ವೇಗದಲ್ಲಿ ಶೇ. 0.1 ಹೆಚ್ಚುಕಡಿಮೆ ಇದ್ದರೂ ಒಂದು ನಿಮಿಷಕ್ಕೆ 60 ಮಿಲಿಸೆಕೆಂಡ್ ದೂರವಾಗುತ್ತವೆ. ಕೇಳಲು ಏನೋ ಚಿಲ್ಲರೆ ಅನ್ನಿಸಬಹುದು. ಆದರೆ ಒಂದೇ ಏಟಾಗಿ ಕೇಳುತ್ತಿದ್ದ ಎರಡು ಕಿಕ್ ಆಗ ‘ಟ-ಡಪ್, ಟ-ಡಪ್’ ಅಂತ ಕುದುರೆ ಓಡಿದ ಹಾಗೆ ಕೇಳುತ್ತವೆ.

ಕುದುರೆ ಓಡುತ್ತಿದೆ ಅಂತ ಯಾರಿಗೆ ಬೇಕಾದರೂ ಗೊತ್ತಾಗುತ್ತದೆ. ಯಾವ ರೆಕಾರ್ಡ್ ಮುಂದೆ, ಯಾವುದು ಹಿಂದೆ ಅನ್ನುವುದೇ ಗೊತ್ತಾಗುವುದಿಲ್ಲ. ಕಲಿಕೆಯ ಮುಕ್ಕಾಲು ಪಾಲು ಇಷ್ಟೇ ಅಂತ ನನ್ನ ಅಭಿಪ್ರಾಯ. ಒಂದು ಕಿವಿಗೆ ಹೆಡ್‌ಫೋನ್, ಇನ್ನೊಂದು ಕಿವಿ ಸ್ಪೀಕರ್ ಕಡೆ. ತಲೆಯೊಳಗೆ ಎರಡು ಹಾಡು ಜಗಳವಾಡುತ್ತಿರುತ್ತವೆ. ನನಗೆ ಉಪಯೋಗಕ್ಕೆ ಬಂದ ಉಪಾಯ ಇದು: ಊಹೆ ಮಾಡುತ್ತಾ ಕೂರುವ ಬದಲು ಹೊಸ ರೆಕಾರ್ಡಿನ ವೇಗವನ್ನು ಬೇಕಂತಲೇ ಜಾಸ್ತಿ ಮಾಡಿ. ಅದು ಮುಂದೆ ಓಡುವುದು ಯಾರಿಗಾದರೂ ಕೇಳುತ್ತದೆ. ಆಮೇಲೆ ಸ್ಲೈಡರ್ ಸ್ವಲ್ಪ ಸ್ವಲ್ಪವೇ ಹಿಂದಕ್ಕೆ ತನ್ನಿ. ಮುಂದೆ ಹೋಗಿದ್ದರೆ ತಟ್ಟೆಯ ಅಂಚಿನ ಚುಕ್ಕಿಗಳನ್ನು ಬೆರಳ ತುದಿಯಿಂದ ಸವರಿ ತಡೆಯಿರಿ, ಹಿಂದೆ ಬಿದ್ದಿದ್ದರೆ ನಡುವಿನ ಕಡ್ಡಿಯನ್ನು ಎರಡು ಬೆರಳಲ್ಲಿ ಹಿಡಿದು ತಿರುವಿ ಮುಂದೆ ತಳ್ಳಿ. ತಳ್ಳಿದಾಗ ಸ್ವರ ಕ್ಷಣಕಾಲ ಮೇಲೇರುತ್ತದೆ. ಮೆಲ್ಲಗೆ ಮಾಡಿದರೆ ಕೇಳುವವರಿಗೆ ತಿಳಿಯುವುದಿಲ್ಲ.

ಒಂದೇ ರೆಕಾರ್ಡಿನ ಎರಡು ಪ್ರತಿ ತಗೊಳ್ಳಿ ಅಂತ ಎಲ್ಲರೂ ಹೇಳುತ್ತಾರೆ. ದುಡ್ಡು ದಂಡ ಅಂತ ಅನ್ನಿಸಿದರೂ ಕೇಳಿ. ಎರಡೂ ಡೆಕ್ಕಿನ (ಪ್ಲೇಯರಿನ) ಸ್ಲೈಡರ್ ಸೊನ್ನೆಯಲ್ಲಿದ್ದರೆ ವೇಗದ ಚಿಂತೆಯೇ ಇರುವುದಿಲ್ಲ, ಕೈ ಬಿಡುವ ಸಮಯವೊಂದನ್ನೇ ಅಭ್ಯಾಸ ಮಾಡಬಹುದು. ಸರಿಯಾಗಿ ಕೂತಾಗ ಎರಡು ದನಿ ಸೇರಿ ಜೆಟ್ ವಿಮಾನದಂಥ ‘ಷೂ’ ಸದ್ದು ಬರುತ್ತದೆ. ಅದು ಬಂತು ಅಂದರೆ ನೀವು ಕೆಲವೇ ಮಿಲಿಸೆಕೆಂಡ್ ಅಂತರದಲ್ಲಿದ್ದೀರಿ.

ನನ್ನ ಮಗನ ಹತ್ತಿರ ಕಂಪ್ಯೂಟರಿಗೆ ಜೋಡಿಸುವ ಡಿಜೆ ಕಂಟ್ರೋಲರ್ ಇದೆ, ಅದರ ಸಿಂಕ್ ಬಟನ್ ತಾನೇ ಬೀಟ್ ಕೂಡಿಸುತ್ತದೆ. “ಅಮ್ಮಾ, ಸಿಂಕ್ ಬಟನ್ ಒತ್ತಿದ್ರೆ ಮುಗೀತಲ್ಲ, ಇಷ್ಟೆಲ್ಲ ಯಾಕೆ?” ಅನ್ನುತ್ತಾನೆ. ನ್ಯಾಯವಾದ ಪ್ರಶ್ನೆಯೇ. ಪಾರ್ಟಿ ನಡೆಸಬೇಕು ಅನ್ನುವವರು ಅವನ ಮಾತು ಕೇಳಲಿ. 1200ರಲ್ಲಿ ಪರದೆ ಇಲ್ಲ, ಬಿಪಿಎಂ ತೋರಿಸುವ ಅಂಕಿ ಇಲ್ಲ. ನೋಡಲು ಏನೂ ಇಲ್ಲದ್ದರಿಂದ ಕೇಳಲೇಬೇಕು. ನನಗೆ ಇಷ್ಟವಾಗಿದ್ದೇ ಅದು.

ನೋಡಲು ಏನೂ ಇಲ್ಲ ಅಂದೆನಲ್ಲ, ಒಂದು ಆಟ ಇದೆ. ರೆಕಾರ್ಡಿನ ಲೇಬಲ್ ಮೇಲೆ ಸ್ಟಿಕ್ಕರ್ ಅಂಟಿಸಿ ಮೊದಲ ಬೀಟ್ ಗುರುತು ಮಾಡಿಕೊಳ್ಳುತ್ತಾರೆ. ನಿಮಿಷಕ್ಕೆ 33⅓ ಸುತ್ತು ಅಂದರೆ ಒಂದು ಸುತ್ತಿಗೆ 1.8 ಸೆಕೆಂಡ್. 133 ಬಿಪಿಎಂ ಹತ್ತಿರದ ಹಾಡಾದರೆ ಸುತ್ತಿಗೆ ಸರಿಯಾಗಿ ನಾಲ್ಕು ಬೀಟ್, ಸ್ಟಿಕ್ಕರ್ ಪ್ರತಿ ನಾಲ್ಕರ ಮೊದಲ ಬೀಟಿಗೂ ಅದೇ ಜಾಗಕ್ಕೆ ಬರುತ್ತದೆ. 120ರ ಹಾಡಿನಲ್ಲಿ ಸುತ್ತಿಗೆ 3.6 ಬೀಟ್. ಅಲ್ಲಿ ಸ್ಟಿಕ್ಕರ್ ನಂಬಿದರೆ ಕೆಟ್ಟಿರಿ.

ಕೊರತೆಗಳೂ ಇವೆ. ಸ್ಲೈಡರಿನ ಸೊನ್ನೆಯಲ್ಲಿ ಒಂದು ಕ್ಲಿಕ್ ಇದೆ, ಹಸಿರು ದೀಪ ಹತ್ತುತ್ತದೆ. ಸೊನ್ನೆ ಬೇಕಾದಾಗ ಒಳ್ಳೆಯದು. ಸೊನ್ನೆಯ ಪಕ್ಕದಲ್ಲೇ ಎಲ್ಲೋ ನಿಲ್ಲಿಸಬೇಕಾದಾಗ ಸ್ಲೈಡರ್ ಹಳ್ಳಕ್ಕೆ ಜಾರುತ್ತದೆ. ಆಮೇಲಿನ ಕೆಲವು ಮಾದರಿಗಳಲ್ಲಿ ಕ್ಲಿಕ್ ತೆಗೆದು ರೀಸೆಟ್ ಬಟನ್ ಇಟ್ಟರು. ನಾನು ಮೊದಲ ಹಾಡನ್ನೇ ಶೇ. 2 ಮೇಲಕ್ಕೆ ಓಡಿಸುತ್ತೇನೆ, ಆಗ ಅದೇ ವೇಗದ ಎರಡನೆಯದೂ ಸೊನ್ನೆಯಿಂದ ದೂರ ಉಳಿಯುತ್ತದೆ. ಇನ್ನೊಂದು, ಇದರಲ್ಲಿ ವೇಗದ ಜೊತೆ ಶ್ರುತಿಯೂ ಏರುತ್ತದೆ. ಶೇ. 6 ಏರಿಸಿದರೆ ಹೆಚ್ಚುಕಡಿಮೆ ಅರ್ಧ ಸ್ವರ ಮೇಲೆ. ಬೀಟ್ ಚೆನ್ನಾಗಿ ಕೂತಿದ್ದರೂ ಎರಡು ಹಾಡಿನ ಶ್ರುತಿ ಹೊಂದದೆ ಕಿವಿಗೆ ಕಿರಿಕಿರಿ ಆಗಬಹುದು. ಅದಕ್ಕೆ ಬರೀ ಡ್ರಮ್ ಇರುವ ಜಾಗದಲ್ಲಿ ಸೇರಿಸುವುದು ಕ್ಷೇಮ. ಡ್ರಮ್ಮರ್ ಕೈಯಾರೆ ಬಾರಿಸಿದ ಹಳೆಯ ಹಾಡುಗಳಂತೂ ತಮ್ಮಷ್ಟಕ್ಕೇ ನಿಧಾನವಾಗಿ, ಜೋರಾಗಿ ಹೋಗುತ್ತಿರುತ್ತವೆ. ಶುರುವಿನಲ್ಲಿ ಅವು ಬೇಡ, ಡ್ರಮ್ ಮಷೀನಿನ ಹಾಡು ಸಾಕು.

ಎರಡು ಡೆಕ್ಕಿನ ಸದ್ದು ಬೆರೆಸುವ ಮಿಕ್ಸರ್ ಬೇರೆ ಕೊಳ್ಳಬೇಕು, ಅದರಲ್ಲಿ ರೆಕಾರ್ಡ್ ಪ್ಲೇಯರ್ ಜೋಡಿಸುವ ಫೋನೊ ಇನ್‌ಪುಟ್ ಇರಲೇಬೇಕು. ಪ್ರತಿ ಚಾನೆಲ್ಲಿಗೂ ಬಾಸ್ ಕಡಿಮೆ ಮಾಡುವ ಗುಂಡಿ ಇರಲಿ. ಎರಡು ಹಾಡಿನ ಬಾಸ್ ಒಟ್ಟಿಗೆ ಬಿಟ್ಟರೆ ಬರೀ ಗದ್ದಲ, ಅಲ್ವಾ? ಡೆಕ್ಕಿನಿಂದ ಬರುವ ಅರ್ಥ್ ವೈರನ್ನು ಮಿಕ್ಸರಿಗೆ ಬಿಗಿಯದಿದ್ದರೆ ‘ಗುಂಯ್’ ಅನ್ನುತ್ತಲೇ ಇರುತ್ತದೆ. ಒಂದೊಂದು ಡೆಕ್ಕೂ 12 ಕೆಜಿಗೂ ಜಾಸ್ತಿ, ಮೇಜು ಗಟ್ಟಿಯಿರಲಿ.

ಹಳೆಯದು ಕೊಳ್ಳುವವರು, ಮಾರುವವರು ಆನ್ ಮಾಡಿ ತೋರಿಸಿದ್ದಕ್ಕೇ ತಲೆಯಾಡಿಸಬೇಡಿ. ಸೂಜಿಯ ತೋಳು ಬುಡದಲ್ಲಿ ಸಡಿಲವಾಗಿ ಅಲುಗುತ್ತಿದೆಯಾ ಅಂತ ಮೆಲ್ಲಗೆ ಮುಟ್ಟಿ ನೋಡಿ. ಸ್ಲೈಡರನ್ನು ಮೇಲಿಂದ ಕೆಳಗೆ ಎಳೆದು ವೇಗ ಎಲ್ಲಾದರೂ ತಟ್ಟನೆ ಹಾರುತ್ತದಾ ಕೇಳಿ. ಸೊನ್ನೆಯಲ್ಲಿ ತಟ್ಟೆಯ ಅಂಚಿನ ದೊಡ್ಡ ಚುಕ್ಕಿಗಳ ಸಾಲು ಡೆಕ್ಕಿನ ಕೆಂಪು ದೀಪದ ಬೆಳಕಿನಲ್ಲಿ ನಿಂತ ಹಾಗೆ ಕಾಣಬೇಕು. ಆಮೇಲೆ ನಿಮ್ಮ ಎರಡು ಪ್ರತಿಗಳನ್ನೂ ಒಯ್ದು ಎರಡೂ ಡೆಕ್ ಸೊನ್ನೆಯಲ್ಲಿಟ್ಟು ಒಟ್ಟಿಗೆ ಓಡಿಸಿ. ಒಂದು ನಿಮಿಷದೊಳಗೆ ಕುದುರೆ ಓಡಲು ಶುರುವಾದರೆ ಯಾವುದೋ ಒಂದರ ವೇಗ ಸರಿಯಿಲ್ಲ. ರಿಪೇರಿ ಖರ್ಚು ಕಳೆದು ಬೆಲೆ ಮಾತಾಡಿ.